ಕೊಡಗಿನ ಕ್ಲಬ್ಬಿನ ವಾರ್ಷಿಕ ಕ್ರಿಕೆಟ್ ಟೂರ್: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಕೈಲ್ ಮುಹೂರ್ತ (ಕೊಡವರ ಆಯುಧ ಪೂಜೆಯ ಹಬ್ಬ) ಮುಗಿದು ಮಳೆ ಸ್ವಲ್ಪ ಹಿಂದೆ ಸರಿಯುತ್ತಿದ್ದಂತೆ ಕ್ಲಬ್ಬಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಟೂರ್ ಮಾತು ಶುರುವಾಗುತ್ತದೆ. ಈ ಸಲ ಎಲ್ಲಿಗೆ, ಯಾವಾಗ, ತಲೆಗೆ ಎಷ್ಟು, ನನಗೆ ಬ್ಯಾಟಿಂಗ್ ಸಿಗುತ್ತದಾ? ಹೊಸದಾಗಿ ಜವಾಬ್ದಾರಿ ಹೊತ್ತವರಿಗೆ ಕೈಗೆ ಸಿಗಲಿ ಎಂದು ಉತ್ತರಗಳನ್ನೆಲ್ಲ ಒಂದೆಡೆ ಬರೆದಿದ್ದೇನೆ. ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ ಕಡೆಯ ಕ್ಲಬ್ಬುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಸೋಮವಾರಪೇಟೆ, ಕುಶಾಲನಗರದವರು ದಾರಿಯ ಲೆಕ್ಕ ಮಾತ್ರ ಬದಲಿಸಿಕೊಂಡರೆ ಸಾಕು.

ಟೂರ್ನಮೆಂಟ್‌ಗಳು ಬೇಕಾದಷ್ಟು ಇವೆಯಲ್ಲ, ಟೂರ್ ಯಾಕೆ?

ಟೂರ್ನಮೆಂಟಿನಲ್ಲಿ ಗೆಲ್ಲಬೇಕು. ಸೋತರೆ ಮಧ್ಯಾಹ್ನವೇ ಮನೆ. ಹಾಗಾಗಿ ಅಲ್ಲಿ ಗಟ್ಟಿ ಹನ್ನೊಂದು ಜನರನ್ನೇ ಇಳಿಸುತ್ತೇವೆ, ಅದು ಸರಿಯೂ ಹೌದು. ಆದರೆ ಪ್ರತಿ ಕ್ಲಬ್ಬಿನಲ್ಲೂ ವರ್ಷವಿಡೀ ದೂರದ ಬೌಂಡರಿ ಅಂಚಿನ ಲಾಂಗ್ ಲೆಗ್‌ನಲ್ಲಿ ನಿಂತು, ಕೊನೆಯಲ್ಲಿ ಪ್ಯಾಡ್ ಕಟ್ಟಿ, ಬ್ಯಾಟ್ ಬೀಸುವ ಅವಕಾಶವೇ ಸಿಗದೆ ಮನೆಗೆ ಹೋಗುವ ನಾಲ್ಕೈದು ಮಂದಿ ಇರುತ್ತಾರೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಮ್ಯಾಟ್ ಹಾಸುವವರೂ ಬಹಳ ಸಲ ಅವರೇ. ಟೂರ್ ಇರುವುದು ಅವರಿಗಾಗಿ. ಬಂದವರೆಲ್ಲ ಆಡಬೇಕು, ಆಡಿದವರೆಲ್ಲ ಆಟದಲ್ಲಿ ನಿಜವಾದ ಪಾಲು ಪಡೆಯಬೇಕು. ಜಾಗ, ದಿನ, ಓವರು, ದುಡ್ಡು ಎಲ್ಲವನ್ನೂ ಈ ಒಂದು ಮಾತಿಗೆ ಹೊಂದಿಸಿ ತೀರ್ಮಾನಿಸಿ.

ಯಾವ ತಿಂಗಳು ಒಳ್ಳೆಯದು?

ನವೆಂಬರ್ ತಿಂಗಳ ಮೊದಲ ಅರ್ಧ. ಸಾಧ್ಯವಾದರೆ ಎರಡನೇ ಶನಿವಾರ ಬರುವ ವಾರಾಂತ್ಯ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೈದಾನಗಳಲ್ಲಿ ನೀರು ನಿಂತಿರುತ್ತದೆ, ಪ್ರಾಕ್ಟೀಸ್ ಇಲ್ಲದೆ ಟೂರ್ ಹೊರಡುವುದರಲ್ಲಿ ಅರ್ಥವಿಲ್ಲ. ಸೆಪ್ಟೆಂಬರ್ ಆರಂಭದಲ್ಲಿ ಕೈಲ್ ಮುಹೂರ್ತದ ಹೊತ್ತಿಗೆ ಗದ್ದೆ ನಾಟಿ ಮುಗಿದು ಕೈ ಬಿಡುವಾಗುತ್ತದೆ ನಿಜ, ಆದರೆ ಆಕಾಶ ಬಿಟ್ಟುಕೊಡುವುದಿಲ್ಲ. ಅಕ್ಟೋಬರ್‌ನಲ್ಲಿ ದಸರಾ. ಮೈಸೂರಿನಲ್ಲಿ ಲಾಡ್ಜ್ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಮಡಿಕೇರಿ, ಗೋಣಿಕೊಪ್ಪ ದಸರಾದಲ್ಲಿ ನಮ್ಮ ಹುಡುಗರೇ ಮಂಟಪದ ಕೆಲಸದಲ್ಲಿರುತ್ತಾರೆ. ಅಕ್ಟೋಬರ್ 17 ಅಥವಾ 18ಕ್ಕೆ ತುಲಾ ಸಂಕ್ರಮಣ, ಆಗ ಬಹಳಷ್ಟು ಮನೆಯವರು ತಲಕಾವೇರಿಗೆ ಹೋಗುತ್ತಾರೆ. ಅದರ ಮೇಲೆ ಮೈಸೂರಿನ ಕಡೆ ಅಕ್ಟೋಬರ್ ಮಧ್ಯಾಹ್ನಗಳಲ್ಲಿ ಗುಡುಗು ಮಳೆ.

ನವೆಂಬರ್ ಅರ್ಧ ಕಳೆದರೆ ತೋಟ ಕರೆಯುತ್ತದೆ. ಅರೇಬಿಕಾ ಹಣ್ಣಾಗುತ್ತದೆ, ಸುಗ್ಗಿ ಹಬ್ಬ ಪುತ್ತರಿ ಬರುತ್ತದೆ, ಡಿಸೆಂಬರ್ ಕೊನೆಯಿಂದ ರೊಬಸ್ಟಾ ಕೊಯ್ಲು. ಕಣದಲ್ಲಿ ಕಾಫಿ ಹರಡಿಟ್ಟು ಬೆಳೆಗಾರ ಎಲ್ಲಿಗೂ ಹೋಗಲಾರ. ಕೊಯ್ಲು ಮುಗಿಯಿತು ಎನ್ನುವಷ್ಟರಲ್ಲಿ ಹೂವಿಗೆ ನೀರು ಹಾಯಿಸುವ ಕೆಲಸ, ಅದರ ಬೆನ್ನಿಗೆ ಕರಿಮೆಣಸು. ಏಪ್ರಿಲ್, ಮೇ ತಿಂಗಳುಗಳು ಕುಟುಂಬಗಳ ನಡುವಿನ ಹಾಕಿ, ಕ್ರಿಕೆಟ್ ಪಂದ್ಯಾವಳಿಗಳಿಗೆ ಮೀಸಲು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ ಹಬ್ಬ ಇಂದು ಎಷ್ಟು ದೊಡ್ಡದಾಗಿದೆ ಎಂದರೆ, ಆ ದಿನಗಳಲ್ಲಿ ಕ್ಲಬ್ಬಿನ ಅರ್ಧ ಜನ ಮನೆತನದ ಜರ್ಸಿಯಲ್ಲಿರುತ್ತಾರೆ. ಅವರನ್ನು ಎಳೆಯಲು ಹೋಗಬಾರದು.

ಇಷ್ಟನ್ನೆಲ್ಲ ಕಳೆದರೆ ಉಳಿಯುವುದು ನವೆಂಬರ್ ಮೊದಲ ಹದಿನೈದು ದಿನ. ಎರಡನೇ ಶನಿವಾರವಾದರೆ ಬ್ಯಾಂಕು, ಸರ್ಕಾರಿ ಕಚೇರಿಯವರಿಗೆ ರಜೆ ಇದ್ದೇ ಇರುತ್ತದೆ, ಶುಕ್ರವಾರ ಒಂದು ರಜೆ ಹಾಕಿದರೆ ಮೂರು ದಿನ, ಮೂರು ಮ್ಯಾಚ್. ದೀಪಾವಳಿ ಅದೇ ವಾರ ಬಿದ್ದರೆ ಮಾತ್ರ ಹಿಂದೆ ಮುಂದೆ ಮಾಡಿ.

ಎಲ್ಲಿಗೆ ಹೋಗುವುದು?

ನಾಲ್ಕು ಗಂಟೆಗಿಂತ ಹೆಚ್ಚು ಗಾಡಿಯಲ್ಲಿ ಕೂರಿಸದ ಊರಿಗೆ. ಕೊಡಗಿಗೆ ರೈಲಿಲ್ಲ, ಹೋಗುವುದೇನಿದ್ದರೂ ರಸ್ತೆಯಲ್ಲೇ. ಗೋವಾ ಎಂದು ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಮೂರು ದಿನದಲ್ಲಿ ಹೆಚ್ಚುಕಡಿಮೆ ಎರಡು ದಿನ ರಸ್ತೆಯಲ್ಲೇ ಹೋದರೆ ಒಂದೇ ಮ್ಯಾಚ್ ಉಳಿಯುತ್ತದೆ, ಆ ಒಂದರಲ್ಲಿ ಮತ್ತೆ ಅದೇ ಹನ್ನೊಂದು ಜನ ಆಡುತ್ತಾರೆ. ಆದ್ದರಿಂದ ನಾನು ಒಪ್ಪುವುದಿಲ್ಲ.

ಮೊದಲ ಸಲ ಟೂರ್ ಮಾಡುವ ಕ್ಲಬ್ಬಿಗೆ ಮೈಸೂರು. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್, ಗೋಣಿಕೊಪ್ಪದಿಂದ ಇನ್ನೂ ಹತ್ತಿರ. ಕಾಲೇಜು ಮೈದಾನಗಳು ಹಲವು, ಆಡುವ ಕ್ಲಬ್ಬುಗಳೂ ಹಲವು, ಒಂದು ತಂಡ ಕೈಕೊಟ್ಟರೆ ಇನ್ನೊಂದು ಸಿಗುತ್ತದೆ. ಬಿಡುವಿದ್ದರೆ ಹುಡುಗರನ್ನು ಮಾನಸ ಗಂಗೋತ್ರಿಯ ಗ್ಲೇಡ್ಸ್ ಮೈದಾನಕ್ಕೆ ಕರೆದುಕೊಂಡು ಹೋಗಿ ತೋರಿಸಿ. 2010ರ ಜನವರಿಯಲ್ಲಿ ಕರ್ನಾಟಕ ಮತ್ತು ಮುಂಬೈ ನಡುವೆ ರಣಜಿ ಫೈನಲ್ ನಡೆದದ್ದು ಅಲ್ಲಿ. ಮನೀಶ್ ಪಾಂಡೆ 144 ಹೊಡೆದರೂ ನಾವು 6 ರನ್‌ಗಳಿಂದ ಸೋತೆವು. ಅದನ್ನು ನೋಡಿದವರು ಇವತ್ತಿಗೂ ಆ ಕೊನೆಯ ದಿನದ ಬಗ್ಗೆ ಮಾತಾಡುತ್ತಾರೆ. ಆ ಹುಲ್ಲಿನ ಅಂಚಿನಲ್ಲಿ ಕೂತು ಕೇಳಿದರೆ ಹದಿನೆಂಟರ ಹುಡುಗನಿಗೆ ಆಟದ ಮೇಲೆ ಬೇರೆಯೇ ಗೌರವ ಹುಟ್ಟುತ್ತದೆ.

ಎರಡನೆಯದು ತಲಶ್ಶೇರಿ. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ದಾಟಿದರೆ ಬಂತು. ಕೇಕು, ಸರ್ಕಸ್ಸು, ಕ್ರಿಕೆಟ್ಟು ಎಂದು ಆ ಊರಿಗೆ ಮೂರು ಹೆಸರು. ಬ್ರಿಟಿಷರ ಕಾಲದಿಂದ ಅಲ್ಲಿ ಈ ಆಟ ಬೇರು ಬಿಟ್ಟಿದೆ, ಮೀನು ಮಾರುಕಟ್ಟೆಯಲ್ಲೂ ಸ್ಕೋರ್ ಕೇಳುವವರಿದ್ದಾರೆ. ಒಂದೇ ಎಚ್ಚರಿಕೆ, ಸೆಕೆ. ನಮ್ಮ ಚಳಿಯಿಂದ ಇಳಿದ ಬೌಲರ್ ಮೂರನೇ ಓವರಿಗೆ ಬೆವರಿ ಸುಸ್ತಾಗುತ್ತಾನೆ, ಬೌಲಿಂಗ್ ಹಂಚಿಕೊಳ್ಳಬೇಕು. ಮಂಗಳೂರಿಗೂ ಇದೇ ಮಾತು.

ಮೂರನೆಯದು ವಯನಾಡು. ಕುಟ್ಟ, ತೋಲ್ಪೆಟ್ಟಿ ಮಾರ್ಗವಾಗಿ ಮಾನಂದವಾಡಿ. ಹವೆ ನಮ್ಮದೇ, ತೋಟ ನಮ್ಮದೇ. ಕೃಷ್ಣಗಿರಿ ಕ್ರೀಡಾಂಗಣ ಇರುವುದು ಆ ಜಿಲ್ಲೆಯಲ್ಲಿ. 2019ರ ಜನವರಿಯಲ್ಲಿ ಕೇರಳ ಅಲ್ಲಿ ಗುಜರಾತನ್ನು ಸೋಲಿಸಿ ಮೊದಲ ಸಲ ರಣಜಿ ಸೆಮಿಫೈನಲ್ ತಲುಪಿತು. ಸೆಮಿಫೈನಲ್ಲೂ ಅಲ್ಲೇ ನಡೆದು ವಿದರ್ಭ ಗೆದ್ದಿತು.

ಎದುರಾಳಿ ತಂಡದ ಹತ್ತಿರ ಏನೇನು ಕೇಳಿಕೊಳ್ಳಬೇಕು?

ಫೋನಿನಲ್ಲಿ ಮಾತಾಡಿದ ಮೇಲೆ ಎಲ್ಲವನ್ನೂ ಬರೆದು ಕಳಿಸಿ, ‘ಒಪ್ಪಿದ್ದೇವೆ’ ಎಂದು ಬರಹದಲ್ಲಿ ತರಿಸಿಕೊಳ್ಳಿ. ಲೆದರ್ ಬಾಲಾ, ಟೆನಿಸ್ ಬಾಲಾ? ಪಿಚ್ ಟರ್ಫಾ (ಮಣ್ಣು, ಹುಲ್ಲಿನದು), ಮ್ಯಾಟಾ, ಸಿಮೆಂಟಾ? ಎಷ್ಟು ಓವರ್, ಬಾಲ್ ಯಾರದು, ಅಂಪೈರ್ ಯಾರು, ಮೈದಾನದ ಬಾಡಿಗೆ ಹೇಗೆ ಹಂಚಿಕೆ, ಊಟ ಯಾರ ಕಡೆಯಿಂದ, ನೀರು ಮತ್ತು ಶೌಚಾಲಯ ಇದೆಯಾ. ಕೊನೆಯದು ನಾಚಿಕೆ ಬಿಟ್ಟು ಕೇಳಬೇಕಾದ ಪ್ರಶ್ನೆ.

ಎಲ್ಲಕ್ಕಿಂತ ಮುಖ್ಯವಾಗಿ ನಿಮ್ಮ ತಂಡದ ಮಟ್ಟ ಪ್ರಾಮಾಣಿಕವಾಗಿ ಹೇಳಿ. ‘ನಮ್ಮಲ್ಲಿ ಇಬ್ಬರು ಚೆನ್ನಾಗಿ ಆಡುತ್ತಾರೆ, ನಾಲ್ವರು ಐವತ್ತು ದಾಟಿದವರು, ಮೂವರು ಕಾಲೇಜು ಹುಡುಗರು’ ಎಂದರೆ ಅವರೂ ಅದಕ್ಕೆ ತಕ್ಕ ತಂಡ ಇಳಿಸುತ್ತಾರೆ. ಸುಮ್ಮನೆ ದೊಡ್ಡದು ಮಾಡಿ ಹೇಳಿದರೆ ಅವರು ಲೀಗ್ ಡಿವಿಷನ್‌ಗಳಲ್ಲಿ ಆಡುವ ಗಟ್ಟಿ ಆಟಗಾರರನ್ನು ತರುತ್ತಾರೆ, ಹನ್ನೆರಡು ಗಂಟೆಗೆ ಮ್ಯಾಚ್ ಮುಗಿದು ಎರಡೂ ಕಡೆಗೆ ಬೇಸರ.

ಎಷ್ಟು ಜನ ಇರಬೇಕು?

ಹದಿನಾರು. ಹದಿಮೂರಾದರೆ ಒಬ್ಬನಿಗೆ ಜ್ವರ, ಇನ್ನೊಬ್ಬನಿಗೆ ಕಾಲು ನೋವು ಎಂದಾಗ ಕಷ್ಟ. ಇಪ್ಪತ್ತಾದರೆ ಆಟ ಹಂಚಲಾಗುವುದಿಲ್ಲ.

ಹದಿನಾರು ಜನರಿಗೂ ಆಟ ಕೊಡುವುದು ಸಾಧ್ಯವೇ?

ಸಾಧ್ಯ. ನಿಯಮವೇ ದಾರಿ ಕೊಟ್ಟಿದೆ. ಆಟದ ನಿಯಮ ರೂಪಿಸುವ ಲಂಡನ್ನಿನ ಎಂಸಿಸಿ ಕ್ಲಬ್ಬಿನ ಕ್ರಿಕೆಟ್ ನಿಯಮಗಳಲ್ಲಿ ಮೊದಲನೆಯ ನಿಯಮವನ್ನೇ ತೆಗೆದು ನೋಡಿ: ಎರಡೂ ಕಡೆಯವರು ಒಪ್ಪಿದರೆ ಒಂದು ತಂಡದಲ್ಲಿ ಹನ್ನೊಂದಕ್ಕಿಂತ ಕಡಿಮೆ ಅಥವಾ ಹೆಚ್ಚು ಜನ ಇರಬಹುದು, ಆದರೆ ಫೀಲ್ಡಿನಲ್ಲಿ ಒಮ್ಮೆಗೆ ಹನ್ನೊಂದಕ್ಕಿಂತ ಹೆಚ್ಚು ಜನ ನಿಲ್ಲುವಂತಿಲ್ಲ. ಅಂದರೆ ಹನ್ನೆರಡು ಜನರ ತಂಡ ಕಳ್ಳಾಟವಲ್ಲ. ಟಾಸಿಗೆ ಮೊದಲು ಇಬ್ಬರು ನಾಯಕರು ಮಾತಾಡಿಕೊಂಡರೆ ಹನ್ನೆರಡೂ ಜನ ಬ್ಯಾಟ್ ಮಾಡಬಹುದು, ಬೌಲಿಂಗಿಗೂ ಬರಬಹುದು.

ಈಗ ಲೆಕ್ಕ ಹಾಕಿ. ಮೂರು ಮ್ಯಾಚ್, ಪ್ರತಿಯೊಂದಕ್ಕೆ 12 ಜನ, ಒಟ್ಟು 36 ಸ್ಥಾನ. ಹದಿನಾರು ಮಂದಿಗೂ ಎರಡೆರಡು ಮ್ಯಾಚ್ ಕೊಟ್ಟರೆ 32. ಉಳಿದ ನಾಲ್ಕು ಸ್ಥಾನ ಕೀಪರ್, ನಾಯಕ ಮತ್ತು ಇನ್ನಿಬ್ಬರಿಗೆ ಮೂರನೇ ಮ್ಯಾಚ್ ಆಗಿ ಸಿಗುತ್ತದೆ. ಹನ್ನೊಂದೇ ಜನ ಎಂದು ಹಟ ಹಿಡಿದರೆ ಈ ಲೆಕ್ಕದಲ್ಲಿ ಒಂದೇ ಸ್ಥಾನ ಮಿಗುತ್ತದೆ, ಯಾರಿಗಾದರೂ ಗಾಯವಾದರೆ ಪಟ್ಟಿ ಕುಸಿಯುತ್ತದೆ.

ಬರೀ ತಂಡದಲ್ಲಿ ಹೆಸರು ಇದ್ದರೆ ಸಾಲದು. ಎರಡು ಮ್ಯಾಚಿನಲ್ಲಿ ಒಂದರಲ್ಲಾದರೂ ಪ್ರತಿಯೊಬ್ಬರೂ ಮೊದಲ ಐದರೊಳಗೆ ಬ್ಯಾಟಿಂಗಿಗೆ ಇಳಿಯಬೇಕು, ಅಥವಾ ನಾಲ್ಕು ಓವರಾದರೂ ಬೌಲ್ ಮಾಡಬೇಕು. ಇದನ್ನು ಹೊರಡುವ ಮೊದಲೇ ಹಾಳೆಯಲ್ಲಿ ಬರೆದು ಗಾಡಿಯ ಗಾಜಿಗೆ ಅಂಟಿಸಿ. ಮೈದಾನದಲ್ಲಿ ನಿಂತು ನಿರ್ಧರಿಸಲು ಹೋದರೆ ಗೆಲ್ಲುವ ಆಸೆ ಬಂದು ಹಳೆಯ ಕ್ರಮವೇ ಬರುತ್ತದೆ. 35 ಓವರಿನ ಮ್ಯಾಚಿಗೆ ಒಬ್ಬ ಬೌಲರಿಗೆ ಗರಿಷ್ಠ ಏಳು ಓವರ್ ಎಂದರೆ ಐವರಿಗೆ ಬೌಲಿಂಗ್, ಐದು ಓವರ್ ಎಂದರೆ ಏಳು ಜನರಿಗೆ. ಎರಡನೆಯದನ್ನೇ ಇಟ್ಟುಕೊಳ್ಳಿ.

ಇನ್ನೊಂದು ಒಳ್ಳೆಯ ಪದ್ಧತಿ ಇದೆ. 40 ರನ್ ದಾಟಿದವರು ನಿವೃತ್ತರಾಗಿ, ಉಳಿದವರೆಲ್ಲ ಆದ ಮೇಲೆ ಬೇಕಾದರೆ ಮತ್ತೆ ಬರುವುದು. ಇದಕ್ಕೂ ಎದುರಾಳಿ ನಾಯಕನ ಒಪ್ಪಿಗೆ ಮೊದಲೇ ಬೇಕು. ಗಾಯ, ಅನಾರೋಗ್ಯದಂಥ ಕಾರಣವಿಲ್ಲದೆ ಹೊರಹೋದವರು ಆ ಒಪ್ಪಿಗೆ ಇಲ್ಲದಿದ್ದರೆ ಮತ್ತೆ ಬ್ಯಾಟ್ ಹಿಡಿಯುವಂತಿಲ್ಲ.

ಹಾಗಾದರೆ ಗೆಲುವು ಮುಖ್ಯವಲ್ಲವೇ?

ಮುಖ್ಯ. ಇಳಿದ ಮೇಲೆ ಪೂರ್ತಿ ಮನಸ್ಸಿಟ್ಟು ಗೆಲ್ಲಲು ಆಡಬೇಕು, ಇಲ್ಲದಿದ್ದರೆ ಎದುರಿನವರಿಗೆ ಅವಮಾನ. ಯಾರು ಇಳಿಯುತ್ತಾರೆ ಎನ್ನುವುದನ್ನು ಮಾತ್ರ ಗೆಲುವಿನ ಲೆಕ್ಕದಿಂದ ಹೊರಗಿಡಿ.

ಎಷ್ಟು ಓವರ್ ಇಡಬೇಕು, ಎಷ್ಟು ಹೊತ್ತಿಗೆ ಶುರು?

35 ಓವರ್. ಇಪ್ಪತ್ತಾದರೆ ಮೊದಲ ನಾಲ್ವರ ಆಟದಲ್ಲೇ ಮುಗಿದುಹೋಗುತ್ತದೆ. ಗಂಟೆಗೆ 14 ಓವರಿನಂತೆ ಒಂದು ಇನ್ನಿಂಗ್ಸಿಗೆ ಎರಡೂವರೆ ಗಂಟೆ, ಎರಡಕ್ಕೆ ಐದು, ಊಟಕ್ಕೆ ಮುಕ್ಕಾಲು ಗಂಟೆ. ಒಂಬತ್ತೂವರೆಗೆ ಶುರುವಾದರೆ ಮೂರೂಕಾಲಿಗೆ ಮುಗಿಯುತ್ತದೆ. ನಾವು ಅಷ್ಟು ಚುರುಕಾಗಿ ಓವರ್ ಮುಗಿಸುವವರಲ್ಲ, ನಾಲ್ಕೂವರೆ ಎಂದುಕೊಳ್ಳಿ. ಆಗಲೂ ಬೆಳಕಿರುತ್ತದೆ, ಎದುರಾಳಿಗಳ ಜೊತೆ ಕೂತು ಕಾಫಿ ಕುಡಿಯಲು ಸಮಯವೂ ಇರುತ್ತದೆ.

ನಾನು ಟೆನಿಸ್ ಬಾಲ್ ಆಡಿ ಬೆಳೆದವನು. ಲೆದರ್ ಬಾಲ್ ಟೂರ್‌ಗೆ ಬರಬಹುದೇ?

ಬನ್ನಿ. ಆದರೆ ತಯಾರಿ ಮಾಡಿಕೊಂಡು ಬನ್ನಿ. ಲೆದರ್ ಬಾಲಿನ ತೂಕ 155.9ರಿಂದ 163 ಗ್ರಾಂ, ಸಾಮಾನ್ಯ ಟೆನಿಸ್ ಚೆಂಡು 60 ಗ್ರಾಂ ಕೂಡ ಇಲ್ಲ. ಕೈಗೆ ಬಂದಾಗಲೂ ಮೈಗೆ ಬಡಿದಾಗಲೂ ಎರಡೂ ಬೇರೆ ಬೇರೆ. ಟೂರ್‌ಗೆ ಮೊದಲು ನಾಲ್ಕು ಭಾನುವಾರ ನೆಟ್ಸ್ ಕಡ್ಡಾಯ. ಹೆಲ್ಮೆಟ್, ಗಾರ್ಡ್, ಎರಡೂ ಪ್ಯಾಡ್, ಗ್ಲೌಸ್ ಇಲ್ಲದೆ ಕ್ರೀಸಿಗೆ ಹೋಗಲು ಯಾರಿಗೂ ಬಿಡಬೇಡಿ, ಎಷ್ಟು ನಿಧಾನದ ಬೌಲರ್ ಆದರೂ ಸರಿ. ಟೆನಿಸ್ ಬಾಲಿನ ಹಗುರ ಬ್ಯಾಟನ್ನು ಮನೆಯಲ್ಲೇ ಬಿಡಿ, ಲೆದರ್ ಬಾಲಿಗೆ ಅದು ಸೀಳುತ್ತದೆ.

ಶೂ ಯಾವುದು?

ಮ್ಯಾಟ್ ಅಥವಾ ಸಿಮೆಂಟ್ ಪಿಚ್ ಆದರೆ ರಬ್ಬರ್ ಸ್ಟಡ್. ಮುಳ್ಳಿನ ಸ್ಪೈಕ್ಸ್ ಹಾಕಿ ಮ್ಯಾಟ್ ಮೇಲೆ ಓಡಿದರೆ ಮ್ಯಾಟೂ ಹರಿಯುತ್ತದೆ, ಕಾಲೂ ಸಿಕ್ಕಿಕೊಳ್ಳುತ್ತದೆ. ಟರ್ಫ್ ಆದರೆ ಬೌಲರುಗಳಿಗೆ ಸ್ಪೈಕ್ಸ್ ಬೇಕು. ಸಿಮೆಂಟ್ ಪಿಚ್ ಎಂದು ಗೊತ್ತಾದರೆ ನೆಲಕ್ಕೆ ಹೂಳದೆ ನಿಲ್ಲುವ ಸ್ಪ್ರಿಂಗ್ ಸ್ಟಂಪ್ ಇದೆಯಾ ಎಂದು ಕೇಳಿ, ಇಲ್ಲವಾದರೆ ನಮ್ಮದನ್ನು ಒಯ್ಯಿರಿ. ಮ್ಯಾಟ್ ಬಡಿಯುವ ಮೊಳೆ, ಸುತ್ತಿಗೆ ಯಾವಾಗಲೂ ಕಿಟ್ ಬ್ಯಾಗಿನಲ್ಲಿರಲಿ.

ಅಂಪೈರ್, ಸ್ಕೋರರ್ ಯಾರು?

ಸಾಧ್ಯವಾದರೆ ದುಡ್ಡು ಕೊಟ್ಟು ಆ ಊರಿನ ಇಬ್ಬರು ಅಂಪೈರ್‌ಗಳನ್ನು ಗೊತ್ತು ಮಾಡಿ. ಬ್ಯಾಟಿಂಗ್ ತಂಡದವರೇ ನಿಲ್ಲುವ ಪದ್ಧತಿಯಲ್ಲಿ ಎಲ್‌ಬಿಡಬ್ಲ್ಯು ಕೊಡುವವನಿಗೂ ಕಷ್ಟ, ಕೊಡದವನಿಗೂ ಕಷ್ಟ. ಸ್ಕೋರಿಗೆ ಮೊಬೈಲ್ ಆ್ಯಪ್ ಇರಲಿ, ಮನೆಯಲ್ಲಿದ್ದವರು ನೋಡುತ್ತಾರೆ. ಜೊತೆಗೆ ಕಾಗದದ ಸ್ಕೋರ್ ಬುಕ್ಕೂ ಇರಲೇಬೇಕು. ನೆಟ್‌ವರ್ಕ್ ಇಲ್ಲದ ಮೈದಾನಗಳು ನಮ್ಮ ಮಲೆನಾಡಿನಲ್ಲಿ ಕಡಿಮೆಯೇನಿಲ್ಲ. ಎರಡೂ ನಾಯಕರ ಸಹಿ ಇರುವ ಆ ಪುಟಗಳೇ ಕ್ಲಬ್ಬಿನ ಇತಿಹಾಸ.

ಮಳೆ ಬಂದರೆ?

ಗುರಿಯನ್ನು ಹೇಗೆ ಇಳಿಸುವುದೆಂದು ಟಾಸಿಗೆ ಮೊದಲೇ ಮಾತಾಡಿಕೊಳ್ಳಿ. ಸುಲಭದ ದಾರಿ ಸರಾಸರಿ ರನ್ ರೇಟ್: 35 ಓವರಿಗೆ 175 ಆಗಿದ್ದು, ಎರಡನೆಯವರಿಗೆ 20 ಓವರ್ ಮಾತ್ರ ಸಿಕ್ಕರೆ ಗೆಲ್ಲಲು 101. ಕಡಿಮೆ ಓವರಿಗೆ ಅಷ್ಟೂ ವಿಕೆಟ್ ಕೈಯಲ್ಲಿರುವುದರಿಂದ ಇದು ಬೆನ್ನಟ್ಟುವವರಿಗೆ ಸ್ವಲ್ಪ ಅನುಕೂಲ. ಇದರ ಬದಲು ತಂದ ಬೇರೆ ಲೆಕ್ಕವೊಂದು 1992ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾದ ಮುಂದೆ ಒಂದು ಚೆಂಡಿಗೆ ಅಸಾಧ್ಯ ಗುರಿ ಇಟ್ಟಿತು. ಮುಂದೆ 1997ರಲ್ಲಿ ಡಕ್ವರ್ತ್ ಲೂಯಿಸ್ ಎಂಬ ಲೆಕ್ಕದ ಪದ್ಧತಿ ಬಂದದ್ದು ಇಂಥ ತೊಡಕು ಬಿಡಿಸಲು. ನಮ್ಮ ಮಟ್ಟದಲ್ಲಿ ನನ್ನ ಸಲಹೆ ಇಷ್ಟೆ: ಮಳೆ ಬೇಗ ನಿಂತರೆ ಹಳೆಯದನ್ನು ಬಿಟ್ಟು, ಆವರೆಗೆ ಬ್ಯಾಟಿಂಗ್ ಸಿಗದವರನ್ನು ಮೇಲೆ ಕಳಿಸಿ, ಹೊಸದಾಗಿ 12 ಓವರಿನ ಮ್ಯಾಚ್ ಆಡಿ.

ತಲೆಗೆ ಎಷ್ಟು ಬೀಳುತ್ತದೆ? ದುಡ್ಡು ಹೇಗೆ ಕೂಡಿಸುವುದು?

ಖರ್ಚಿನ ದೊಡ್ಡ ಪಾಲು ಗಾಡಿ ಮತ್ತು ವಸತಿ. ಇವೆರಡೂ ಹನ್ನೆರಡು ಜನ ಬಂದರೂ ಹೆಚ್ಚುಕಡಿಮೆ ಅಷ್ಟೇ, ಹದಿನಾರು ಬಂದರೂ ಅಷ್ಟೇ. ಟೂರ್ ಲೆಕ್ಕ ತಪ್ಪುವುದು ಇಲ್ಲೇ. ಉದಾಹರಣೆಗೆ ಒಟ್ಟು ಅಂದಾಜು 96,000 ರೂಪಾಯಿ ಎಂದಿಟ್ಟುಕೊಳ್ಳಿ. ಹದಿನಾರರಿಂದ ಭಾಗಿಸಿ ತಲಾ 6,000 ಎಂದು ಪ್ರಕಟಿಸಿದರೆ, ಕೊನೆಯ ವಾರ ಇಬ್ಬರು ಬಿಟ್ಟುಹೋದಾಗ 12,000 ಕಡಿಮೆ ಬೀಳುತ್ತದೆ, ಅದನ್ನು ಸಂಘಟಕರೇ ಕೈಯಿಂದ ಹಾಕಬೇಕಾಗುತ್ತದೆ. ಆದ್ದರಿಂದ ಹದಿನಾಲ್ಕರಿಂದ ಭಾಗಿಸಿ 7,000 ಎಂದು ಹೇಳಿ. ಎಲ್ಲರೂ ಬಂದರೆ ಉಳಿದದ್ದನ್ನು ವಾಪಸ್ ಕೊಡಿ. ವಾಪಸ್ ಬಂದ ದುಡ್ಡಿನ ಬಗ್ಗೆ ಯಾರೂ ದೂರಿದ್ದಿಲ್ಲ.

ಕಂತು ಕಂತಾಗಿ ತೆಗೆದುಕೊಳ್ಳಿ. ಸೆಪ್ಟೆಂಬರ್‌ನಲ್ಲಿ ಅಡ್ವಾನ್ಸ್ ಕೊಟ್ಟವರ ಹೆಸರು ಮಾತ್ರ ಪಟ್ಟಿಯಲ್ಲಿ ಇರುತ್ತದೆ ಎನ್ನಿ. ಅಕ್ಟೋಬರ್ 15ರ ಮೇಲೆ ಬಿಟ್ಟರೆ ಅಡ್ವಾನ್ಸ್ ವಾಪಸ್ ಇಲ್ಲ. ಮನೆಯಲ್ಲಿ ಸಾವು, ಕಾಯಿಲೆ ಆದರೆ ಮಾತ್ರ ಈ ನಿಯಮ ಅನ್ವಯಿಸಬಾರದು. ಹಣ ಕ್ಲಬ್ಬಿನ ಖಾತೆಗೆ ಬರಲಿ, ಯಾರ ಸ್ವಂತ ಖಾತೆಗೂ ಬೇಡ.

ವಿದ್ಯಾರ್ಥಿಗಳಿಗೆ, ಈಗಷ್ಟೇ ಕೆಲಸಕ್ಕೆ ಸೇರಿದವರಿಗೆ ಅರ್ಧ. ಉಳಿದರ್ಧ ಟೂರ್ ಫಂಡಿನಿಂದ. ಪ್ರತಿ ತಿಂಗಳು ಎಲ್ಲರೂ 200 ರೂಪಾಯಿ ಹಾಕುತ್ತ ಬಂದರೆ ಈ ಫಂಡ್ ತಾನಾಗಿ ಬೆಳೆಯುತ್ತದೆ. ಯಾರಿಗೆ ಅರ್ಧ ಎನ್ನುವುದು ಖಜಾಂಚಿಗೆ ಮಾತ್ರ ಗೊತ್ತಿರಲಿ, ಗ್ರೂಪಿನಲ್ಲಿ ಹಾಕಬೇಡಿ. ತೋಟದಲ್ಲಿ ಕೂಲಿ ಮಾಡುವವರ ಮಗ ನಮ್ಮ ಓಪನಿಂಗ್ ಬೌಲರ್ ಆಗಿರಬಹುದು, ಅವನು ದುಡ್ಡಿಲ್ಲವೆಂದು ಮನೆಯಲ್ಲಿ ಉಳಿದರೆ ಆ ಟೂರ್ ಯಾರದ್ದು?

ಗಾಡಿ ಮತ್ತು ದಾರಿ?

ಹದಿನಾರು ಜನ, ಕಿಟ್ ಬ್ಯಾಗುಗಳು ಸೇರಿದರೆ ಟೆಂಪೊ ಟ್ರಾವೆಲರ್ (ಟಿಟಿ) ಸಾಲುವುದಿಲ್ಲ, ಇಪ್ಪತ್ತು ದಾಟಿದ ಸೀಟಿನ ಮಿನಿ ಬಸ್ ಮಾಡಿ. ನಾಲ್ಕು ಕಾರಿನಲ್ಲಿ ಹೋಗುವುದು ಅಗ್ಗ ಎನಿಸುತ್ತದೆ. ಆದರೆ ಒಂದು ಕಾರು ದಾರಿ ತಪ್ಪಿದರೆ ಟಾಸ್ ಹೊತ್ತಿಗೆ ನಾಲ್ವರಿಲ್ಲ, ಮ್ಯಾಚ್ ಆಡಿ ದಣಿದವರು ರಾತ್ರಿ ಘಾಟಿಯಲ್ಲಿ ಕಾರು ಓಡಿಸುವುದೂ ಸರಿಯಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಹಿರಿಯರು, ಹುಡುಗರು ಒಂದೇ ಗಾಡಿಯಲ್ಲಿ ಕೂತಾಗ ಆಗುವ ಮಾತುಕತೆ ಬೇರೆಲ್ಲೂ ಆಗುವುದಿಲ್ಲ. ಬಾಡಿಗೆ ಮಾತಾಡುವಾಗ ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಲೆಕ್ಕ, ಡ್ರೈವರ್ ಬಾಟಾ, ಟೋಲ್, ಕೇರಳಕ್ಕಾದರೆ ಪರ್ಮಿಟ್ ಇದರಲ್ಲಿ ಸೇರಿದೆಯಾ ಎಂದು ಬಿಡಿಸಿ ಕೇಳಿ. ಡ್ರೈವರಿಗೆ ಮಲಗಲು ಹಾಸಿಗೆ ಇರುವ ಕೋಣೆ ಕೊಡಿ.

ಕಾಡಿನ ದಾರಿಯ ಸಮಯ ನೆನಪಿರಲಿ. ಕುಟ್ಟದಿಂದ ನಾಗರಹೊಳೆ ಒಳಗಾಗಿ ಹುಣಸೂರಿಗೆ ಹೋಗುವ ರಸ್ತೆ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಬಂದ್. ಮಾನಂದವಾಡಿಯಿಂದ ಬಾವಲಿ ಮೂಲಕ ಮೈಸೂರಿಗೆ ಹೋಗುವ ದಾರಿಯೂ ರಾತ್ರಿ ಮುಚ್ಚಿರುತ್ತದೆ. ತಿತಿಮತಿ, ಆನೆಚೌಕೂರು ರಸ್ತೆಯಲ್ಲಿ ಸಂಜೆಯಾದರೆ ಆನೆ ಅಡ್ಡ ಬರುವುದು ನಮಗೆ ಹೊಸದಲ್ಲ, ಹೊರಗಿನ ಡ್ರೈವರಿಗೆ ಹೊಸದು. ಹಾರ್ನ್ ಬೇಡ, ಇಳಿದು ಫೋಟೊ ಬೇಡ ಎಂದು ಮೊದಲೇ ಹೇಳಿಡಿ. ಮಾಕುಟ್ಟ ಘಾಟಿ ಮಳೆಗಾಲದಲ್ಲಿ ಕುಸಿಯುವ ಜಾಗ. 2018ರ ಮಳೆಗಾಲ ಕಂಡವರಿಗೆ ವಿವರಿಸಬೇಕಿಲ್ಲ. ನವೆಂಬರ್ ಆದರೂ ಹೊರಡುವ ಹಿಂದಿನ ದಿನ ರಸ್ತೆ ಹೇಗಿದೆ ಎಂದು ವಿಚಾರಿಸಿ.

ಬಾಟಲಿ ತರಬಹುದೇ?

ಗಾಡಿಯಲ್ಲಿ ಬೇಡ. ಕೇರಳ ಗಡಿಯ ಕೂಟುಪುಳದಲ್ಲಿ ಅಬಕಾರಿ ತಪಾಸಣೆ ಇದೆ, ಒಬ್ಬರ ಬಾಟಲಿಗಾಗಿ ಹದಿನಾರು ಜನ ರಸ್ತೆಯಲ್ಲಿ ನಿಲ್ಲುವಂತಾಗಬಾರದು. ಮ್ಯಾಚ್ ಮುಗಿದ ರಾತ್ರಿ ಕೋಣೆಯಲ್ಲಿ ದೊಡ್ಡವರು ಏನು ಮಾಡುತ್ತಾರೋ ಅವರಿಗೆ ಬಿಟ್ಟದ್ದು. ಬೆಳಗ್ಗೆ ಎಂಟಕ್ಕೆ ಗಾಡಿ ಹತ್ತದವರಿಗೆ ಆ ದಿನದ ಸ್ಥಾನ ಇಲ್ಲ.

ಮನೆಯವರನ್ನು, ಮಕ್ಕಳನ್ನು ಕರೆದುಕೊಂಡು ಬರಬಹುದೇ?

ಖಂಡಿತ, ಆದರೆ ಅವರಿಗೂ ಒಂದು ಕಾರ್ಯಕ್ರಮ ಇರಬೇಕು. ಐದು ಗಂಟೆ ಬಿಸಿಲಲ್ಲಿ ಕೂರಿಸಿ ಚಪ್ಪಾಳೆ ತಟ್ಟಿಸುವುದು ನ್ಯಾಯವಲ್ಲ. ಒಂದು ದಿನವಾದರೂ ಮಧ್ಯಾಹ್ನದ ಮೇಲೆ ಎಲ್ಲರೂ ಒಟ್ಟಿಗೆ ಸುತ್ತಾಡುವಂತಿರಲಿ. ಹದಿನೆಂಟು ತುಂಬದ ಆಟಗಾರರು ಬಂದರೆ ತಂದೆ ತಾಯಿಯ ಒಪ್ಪಿಗೆ ಪತ್ರ ತರಬೇಕು, ಅವರ ಹೊಣೆ ಯಾರದು ಎಂದು ಹೆಸರಿಟ್ಟು ಹೇಳಬೇಕು.

ಗಾಯವಾದರೆ?

ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಐಸ್ ತುಂಬಿದ ಡಬ್ಬ ಬೌಂಡರಿ ಬಳಿಯೇ ಇರಲಿ. ಹತ್ತಿರದ ಆಸ್ಪತ್ರೆ ಎಲ್ಲಿ ಎಂದು ಟಾಸಿಗೆ ಮೊದಲೇ ಕೇಳಿಟ್ಟುಕೊಳ್ಳಿ. ಪ್ರತಿಯೊಬ್ಬರ ರಕ್ತದ ಗುಂಪು, ಔಷಧಿಗಳ ಅಲರ್ಜಿ, ಮನೆಯ ಫೋನ್ ನಂಬರ್ ಇರುವ ಹಾಳೆ ವ್ಯವಸ್ಥಾಪಕರ ಬಳಿ ಇರಬೇಕು. ತಲೆಗೆ ಪೆಟ್ಟು ಬಿದ್ದವರು ‘ಏನೂ ಆಗಿಲ್ಲ’ ಎಂದರೂ ಆ ದಿನ ಮತ್ತೆ ಆಡಬಾರದು. ಈ ವಿಷಯದಲ್ಲಿ ನಾಯಕನ ಮಾತೂ ನಡೆಯಬಾರದು.

ಆತಿಥೇಯರಿಗೆ ಏನು ಕೊಡುವುದು?

ನಮ್ಮ ತೋಟದ ಕಾಫಿ ಪುಡಿ, ಕರಿಮೆಣಸು, ಜೇನು. ಪ್ಲಾಸ್ಟಿಕ್ಕಿನ ಟ್ರೋಫಿಗಿಂತ ಇದನ್ನು ಹೆಚ್ಚು ದಿನ ನೆನೆಯುತ್ತಾರೆ. ಮೈದಾನದ ಸಿಬ್ಬಂದಿಗೂ ಒಂದು ಪೊಟ್ಟಣ ಕೊಡಲು ಮರೆಯಬೇಡಿ.

ಅವರು ತಿರುಗಿ ನಮ್ಮಲ್ಲಿಗೆ ಬಂದಾಗ?

ಅವರನ್ನು ಕರೆಯಲೇಬೇಕು. ಹೋಗಿ ಆಡಿ ಬಂದು ಸುಮ್ಮನಾದರೆ ಮುಂದಿನ ವರ್ಷ ಫೋನ್ ಎತ್ತುವುದಿಲ್ಲ. ಡಿಸೆಂಬರ್ ಕೊನೆಯ ವಾರ ಮಾತ್ರ ಬೇಡ, ಹೋಂಸ್ಟೇಗಳೆಲ್ಲ ತುಂಬಿ ಬೆಲೆ ಏರಿರುತ್ತದೆ. ಕೊಯ್ಲು ಹತೋಟಿಗೆ ಬಂದ ಮಾರ್ಚ್ ಎರಡನೇ ಅರ್ಧ ನಮಗೆ ಅನುಕೂಲ. ಹೂಮಳೆ ಬಿದ್ದು ತೋಟವೆಲ್ಲ ಬಿಳಿಯಾಗಿ ಘಮಘಮಿಸುವಾಗ ಬಂದರೆ ಅವರ ಅದೃಷ್ಟ.

ಊಟ ಏನು ಎಂದು ಮುಂಚಿತವಾಗಿ ಕೇಳಿ. ಕೊಡಗಿಗೆ ಬಂದವರು ಪಂದಿಕರಿ, ಕಡಂಬಿಟ್ಟು ಬಯಸುತ್ತಾರೆ ನಿಜ, ಆದರೆ ಹಂದಿ ತಿನ್ನದವರು, ಮಾಂಸವನ್ನೇ ಮುಟ್ಟದವರು ಪ್ರತಿ ತಂಡದಲ್ಲೂ ಇರುತ್ತಾರೆ. ಅವರಿಗೆ ಬರೀ ಅನ್ನ ಮೊಸರು ಬಡಿಸಿ ಕಳಿಸಬಾರದು. ಅಕ್ಕಿರೊಟ್ಟಿ, ನೂಲ್‌ಪುಟ್ಟು, ಒಳ್ಳೆಯ ತರಕಾರಿ ಪಲ್ಯ, ಕೋಳಿ ಸಾರು ಬೇರೆ ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ. ಪಂದಿಕರಿಯನ್ನು ರಾತ್ರಿಗೆ ಇಡಿ. ಮಧ್ಯಾಹ್ನ ಅದನ್ನು ಉಂಡವರು ಎರಡನೇ ಇನ್ನಿಂಗ್ಸಿನಲ್ಲಿ ಓಡಲಾರರು.

ತೋಟದ ಅಂಚಿನ ಮೈದಾನಕ್ಕೆ ಸ್ಥಳೀಯ ನಿಯಮ ಮೊದಲೇ ಹೇಳಿ: ಚೆಂಡು ಕಾಫಿ ಗಿಡದೊಳಗೆ ಹೋದರೆ ಇಷ್ಟು ರನ್, ಹುಡುಕಲು ಇಷ್ಟು ನಿಮಿಷ, ಆಮೇಲೆ ಅಷ್ಟೇ ಹಳೆಯದಾದ ಇನ್ನೊಂದು ಚೆಂಡು. ಅಂಥ ಬಳಸಿದ ಚೆಂಡುಗಳನ್ನು ನಾಲ್ಕಾದರೂ ಇಟ್ಟುಕೊಳ್ಳಿ. ಸಂಜೆಯಾದ ಮೇಲೆ ಚೆಂಡಿಗಾಗಿ ತೋಟದೊಳಗೆ ಯಾರನ್ನೂ ಕಳಿಸಬೇಡಿ. ಹಾವು, ಕೆಲವೆಡೆ ಆನೆ. ಮಳೆ ಬಿದ್ದಿದ್ದರೆ ಜಿಗಣೆಯ ಬಗ್ಗೆ ಹೇಳಿ, ಒಂದಿಷ್ಟು ಉಪ್ಪು ಕೊಡಿ.

ಇಷ್ಟೆಲ್ಲ ಒಬ್ಬರೇ ಮಾಡುವುದಾ?

ಬೇಡ. ಎದುರಾಳಿ ಮತ್ತು ಮೈದಾನ ಒಬ್ಬರಿಗೆ, ಗಾಡಿ ಮತ್ತು ವಸತಿ ಇನ್ನೊಬ್ಬರಿಗೆ, ದುಡ್ಡು ಮೂರನೆಯವರಿಗೆ. ಆಟದ ಪಟ್ಟಿ ನಾಯಕನದು, ಆದರೆ ಅದನ್ನು ಬರೆಯುವಾಗ ಕೊನೆಯ ಕ್ರಮಾಂಕದ ಒಬ್ಬರು ಪಕ್ಕದಲ್ಲಿ ಕೂತಿರಲಿ. ಪ್ರತಿ ವರ್ಷ ಒಬ್ಬ ಚಿಕ್ಕವಯಸ್ಸಿನವರನ್ನು ಜೊತೆಗೆ ಸೇರಿಸಿಕೊಳ್ಳಿ, ಮುಂದೆ ಅವರೇ ನಡೆಸಬೇಕು.

ಬಂದ ಮೇಲೆ ಏನು ಕೆಲಸ ಉಳಿಯುತ್ತದೆ?

ಒಂದು ವಾರದೊಳಗೆ ಲೆಕ್ಕ ಪತ್ರ, ಬಿಲ್ಲುಗಳ ಸಮೇತ, ಎಲ್ಲರ ಮುಂದೆ. ಉಳಿದ ದುಡ್ಡು ವಾಪಸ್. ಆತಿಥೇಯ ಕ್ಲಬ್ಬಿಗೆ ಸ್ಕೋರ್ ಹಾಳೆಯ ಪ್ರತಿ, ಫೋಟೊ, ಮಾರ್ಚ್ ತಿಂಗಳ ಆಹ್ವಾನ. ಕಿಟ್ ಬ್ಯಾಗನ್ನು ಹಾಗೇ ಮೂಲೆಗೆ ತಳ್ಳಬೇಡಿ. ಪ್ಯಾಡು, ಗ್ಲೌಸು, ಮ್ಯಾಟು ಎರಡು ದಿನ ಬಿಸಿಲಿಗೆ ಹಾಕಿ ಒಣಗಿಸಿಯೇ ಕಟ್ಟಿಡಿ, ನಮ್ಮ ಹವೆಗೆ ಒಂದು ವಾರ ಸಾಕು ಬೂಸ್ಟು ಹಿಡಿಯಲು.